ಕೈ ಕೊಟ್ಟ ಕಾಲು

ನಮ್ಮ ಕಡೆ ರೇಸು ಅಂದರೆ ಕಂಬಳ. ಹೊಕ್ಕಾಡಿಗೋಳಿ, ಕಾವಳಕಟ್ಟೆ, ವೇಣೂರು, ಮೂಡುಬಿದಿರೆ... ಚಳಿಗಾಲದ ಶನಿವಾರ ಬಂತೆಂದರೆ ಯಾವುದಾದರೊಂದು ಕರೆಯಲ್ಲಿ ಕೋಣಗಳು ಓಡುತ್ತಲೇ ಇರುತ್ತವೆ. "ಸೈಕಲ್ ರೇಸಿಗೆ ಹೋಗ್ತಿದ್ದೇನೆ" ಎಂದು ಹೇಳಿ ನೋಡಿ. "ಅದೆಂಥದು, ಶಾಲೆ ವಾರ್ಷಿಕೋತ್ಸವದ ನಿಧಾನ ಸೈಕಲ್ಲಾ?" ಎಂದು ಕೇಳುವವರೇ ಹೆಚ್ಚು. ಅವರ ತಪ್ಪೂ ಅಲ್ಲ ಬಿಡಿ. ಕರ್ನಾಟಕದಲ್ಲಿ ಸೈಕಲ್ಲಿನ ತವರು ವಿಜಯಪುರ, ಬಾಗಲಕೋಟೆ ಕಡೆ. ಅಲ್ಲಿ ಸೈಕ್ಲಿಂಗಿಗೆಂದೇ ಕ್ರೀಡಾ ವಸತಿನಿಲಯಗಳಿವೆ. 2021ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ನಡೆದದ್ದೂ ಗದಗದಲ್ಲಿ. ಮನೆಯಿಂದ ಹೊರಗೆ ಕಾಲಿಟ್ಟರೆ ಒಂದೋ ಏರು ಇಲ್ಲಾ ಇಳಿಜಾರು ಎಂಬಂತಿರುವ ಬಂಟ್ವಾಳ ತಾಲೂಕಿನಲ್ಲಿ ಮಾತ್ರ ಗುಡ್ಡೆ ಸೈಕಲ್ ಇನ್ನೂ ಅಪರೂಪದ ಪ್ರಾಣಿ.

ಹಾಗಾಗಿ ಸಿದ್ಧಕಟ್ಟೆಗೂ ವೇಣೂರಿಗೂ ನಡುವೆ ಒಂದು ಗೇರುಗುಡ್ಡೆಯಲ್ಲಿ ಕೆಲವು ಹುಡುಗರು ಸೇರಿಕೊಂಡು ರೇಸು ಮಾಡುತ್ತೇವೆಂದಾಗ ಹೆಸರು ಕೊಡದೆ ಇರಲು ನನ್ನಿಂದಾಗಲಿಲ್ಲ. ದೊಡ್ಡ ಏರ್ಪಾಡೇನಲ್ಲ. ಐದೂವರೆ ಕಿಲೋಮೀಟರಿನ ಒಂದು ಸುತ್ತು, ಅಂಥ ನಾಲ್ಕು ಸುತ್ತು. ಕಾಗದದ ನಂಬರು, ಒಂದು ಮೈಕು, ಕೊನೆಯಲ್ಲಿ ಎಲ್ಲರಿಗೂ ಗೋಳಿಬಜೆ. ಕಳೆದ ವರ್ಷ ಇಲ್ಲೇ ನಾನು ಒಂಬತ್ತನೆಯವನಾಗಿದ್ದೆ. ನಲವತ್ತು ದಾಟಿದವನಿಗೆ ಒಂಬತ್ತು ಒಳ್ಳೆಯ ನಂಬರೇ. ಈ ಸಲ ಏಳೋ ಎಂಟೋ ಆಗಬಹುದೆಂಬ ಸಣ್ಣ ಆಸೆ ಇತ್ತು, ಯಾರಿಗೂ ಹೇಳಿರಲಿಲ್ಲ ಅಷ್ಟೆ.

ಆದರೆ ರೇಸಿನ ಹಿಂದಿನ ಶುಕ್ರವಾರ ಮತ್ತು ಶನಿವಾರ ಮನೆಯಲ್ಲಿ ಅಡಿಕೆ ಕೊಯ್ಲು.

ತೋಟ ಇಲ್ಲದವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಕೊಯ್ಲಿನ ದಿನವನ್ನು ನಾವು ನಿಶ್ಚಯ ಮಾಡುವುದಲ್ಲ, ಕೊಯ್ಯುವವರು ಯಾವತ್ತು ಸಿಗುತ್ತಾರೋ ಅವತ್ತೇ ಕೊಯ್ಲು. ಈಗ ಕಾರ್ಬನ್ ಫೈಬರಿನ ದೋಟಿ ಬಂದ ಮೇಲೆ ಮರ ಹತ್ತುವ ಕಷ್ಟ ಎಷ್ಟೋ ತಪ್ಪಿದೆ. ನೆಲದಲ್ಲಿ ನಿಂತೇ ಗೊನೆ ಇಳಿಸುತ್ತಾರೆ. ಆದರೆ ಇಳಿಸಿದ ಗೊನೆಯನ್ನು ಅಂಗಳಕ್ಕೆ ತರುವ ದೋಟಿಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ :-) ನಮ್ಮ ಹಳೆಯ ತೋಟ ಮನೆಯ ಮಟ್ಟದಲ್ಲೇ ಇದೆ, ಅದಕ್ಕೆ ತೊಂದರೆಯಿಲ್ಲ. ಹೊಸ ತೋಟ ಮನೆಯ ಹಿಂದಿನ ಗುಡ್ಡೆಯಲ್ಲಿದೆ. ಅಪ್ಪ ಮಾಡಿದ್ದು. ಅಲ್ಲಿಂದ ಅಂಗಳಕ್ಕೆ ಮುರಕಲ್ಲಿನಲ್ಲಿ ಕಡಿದ ಅರವತ್ತೆರಡು ಮೆಟ್ಟಿಲು. ಹೊರಲು ಬರಬೇಕಿದ್ದ ಇಬ್ಬರು ಒಂದು ಮದುವೆಗೆ ಹೋದರು, ತಮ್ಮ ಬೆಂಗಳೂರಿನಲ್ಲಿದ್ದಾನೆ, ಅಪ್ಪನಿಗೆ ಎಪ್ಪತ್ತಾರು. ಉಳಿದವನು ನಾನು. ಎರಡು ದಿನದಲ್ಲಿ ಸುಮಾರು ನಲವತ್ತು ಸಲ ಹೆಡಿಗೆ ಹೊತ್ತು ಇಳಿದೆ. ಒಂದೊಂದರಲ್ಲೂ ಇಪ್ಪತ್ತೈದು ಮೂವತ್ತು ಕಿಲೋ.

ಹೊರುವಾಗ ಏನೂ ಅನ್ನಿಸಲಿಲ್ಲ. ಹೆಡಿಗೆ ಹೊತ್ತು ಇಳಿಯುವಾಗ ಏದುಸಿರು ಬರುವುದೇ ಇಲ್ಲ. ಖಾಲಿ ಹೆಡಿಗೆ ಹಿಡಿದು ವಾಪಸು ಹತ್ತುವಾಗಲೇ ಉಸಿರು ಹೆಚ್ಚು ಬೇಕು. ಶನಿವಾರ ರಾತ್ರಿ ಊಟಕ್ಕೆ ಕೂತವನಿಗೆ ಏಳಲು ಗೋಡೆ ಬೇಕಾಯಿತು. ಭಾನುವಾರ ಬೆಳಗ್ಗೆ ಐದಕ್ಕೆ ಎದ್ದಾಗ ತೊಡೆಗಳು ನನ್ನವಲ್ಲ, ಯಾರೋ ರಾತ್ರಿ ಕಳಚಿ ಬೇರೆಯವರದ್ದು ಸಿಕ್ಕಿಸಿದ ಹಾಗಿದ್ದವು.

ಹೋಗುವುದೋ ಬೇಡವೋ ಎಂದು ಜಗಲಿಯಲ್ಲಿ ನಿಂತಿದ್ದಾಗ ಅಪ್ಪ ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ತಂದಿಟ್ಟರು. "ಹೆಸರು ಕೊಟ್ಟಾಗಿದೆಯಲ್ಲ, ಹೋಗಿ ಬಾ. ಅಡಿಕೆ ಹರಗಲು ನಾನಿದ್ದೇನೆ" ಎಂದರು. ಅವರು ಅಂಗಳದಲ್ಲಿ ಬಗ್ಗಿ ಅಡಿಕೆ ಹರಗುತ್ತಾರೆ, ಅದರಲ್ಲೇನೂ ತೊಂದರೆ ಇಲ್ಲ. ಗುಡ್ಡೆಯ ತೋಟಕ್ಕೆ ಮಾತ್ರ ಈಗ ಮೂರು ವರ್ಷದಿಂದ ಹೋಗಿಲ್ಲ.

ಸ್ಟಾರ್ಟಿನಲ್ಲಿ ಮೂವತ್ತೊಂದು ಜನ ಇದ್ದೆವು. ಜನವರಿಯ ಇಬ್ಬನಿ ಇನ್ನೂ ಬಿಟ್ಟಿರಲಿಲ್ಲ. ಬಹುತೇಕ ಕಾಲೇಜು ಹುಡುಗರು, ಮಂಗಳೂರಿನಿಂದ ಬಂದ ನಾಲ್ಕಾರು ಸಾಫ್ಟ್‌ವೇರಿನವರು, ಮೂಡುಬಿದಿರೆಯಲ್ಲಿ ಓದುವ ಬಾಗಲಕೋಟೆ ಕಡೆಯ ಒಬ್ಬ ಹುಡುಗ. ಅವನ ಮೀನಖಂಡ ನೋಡಿದ ಕೂಡಲೇ ಮೊದಲ ಬಹುಮಾನ ಎಲ್ಲಿಗೆ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಾಗಿಬಿಟ್ಟಿತು.

ಸುತ್ತಿನ ಲೆಕ್ಕ ಹೀಗೆ: ಶಾಲೆಯ ಮೈದಾನದಿಂದ ಮಣ್ಣಿನ ರಸ್ತೆ, ಅಲ್ಲಿಂದ ರಬ್ಬರ್ ತೋಟದ ತಟ್ಟುಗಳ ಮೇಲೆ ಅಡ್ಡಡ್ಡ ಏರು, ಮೇಲೆ ಹಳೆಯ ಕಲ್ಲಿನ ಕೋರೆಯ ಅಂಚು, ಆಮೇಲೆ ಗೇರುಮರಗಳ ನಡುವೆ ಉದ್ದ ಇಳಿಜಾರು, ಕೊನೆಗೆ ಗದ್ದೆಯ ಕಟ್ಟಪುಣಿ, ಒಣಗಿದ ತೋಡು, ಮತ್ತೆ ಮೈದಾನ. ಒಂದು ಸುತ್ತಿಗೆ ನೂರ ಹತ್ತು ಮೀಟರಿನಷ್ಟು ಏರು. ಮುರಕಲ್ಲಿನ ಗುಡ್ಡೆಗೆ ಎರಡು ಮುಖ. ಮಳೆಗಾಲದಲ್ಲಿ ಹಾವಸೆ ಹಿಡಿದು ಸೋಪಿನ ಹಾಗೆ ಜಾರುತ್ತದೆ. ಜನವರಿಯಲ್ಲಿ ಒಣಗಿ, ಮೇಲೆಲ್ಲ ಚರಳು ಹರಡಿ, ಗೋಲಿಯ ಮೇಲೆ ಸೈಕಲ್ ಬಿಟ್ಟ ಹಾಗಾಗುತ್ತದೆ. ಅದರ ಮೇಲೆ ಗೇರಿನ ತರಗೆಲೆ ಬೇರೆ. ಕೆಳಗೆ ಬೇರಿದೆಯೋ ಗುಂಡಿಯಿದೆಯೋ ಚಕ್ರ ಹೋದ ಮೇಲೆಯೇ ಗೊತ್ತು.

ನನ್ನ ಯೋಚನೆ ಏನಿತ್ತೆಂದರೆ, ಸೋತ ಕಾಲು ಏರಿನಲ್ಲಿ ಹಿಂದೆ ಬೀಳುತ್ತದೆ, ಇಳಿಜಾರಿನಲ್ಲಿ ಸುಧಾರಿಸಿಕೊಂಡು ಅಷ್ಟಿಷ್ಟು ವಾಪಸು ಪಡೆಯೋಣ. ಯಾರನ್ನು ಕೇಳಿದರೂ ಹೀಗೇ ಹೇಳುತ್ತಾರೆ. ಇಳಿಜಾರು ಅಂದರೆ ವಿಶ್ರಾಂತಿ, ಸೈಕಲ್ ತಾನಾಗಿ ಹೋಗುತ್ತದೆ, ಪೆಡಲ್ ತುಳಿಯುವುದೂ ಬೇಡ.

ಆದದ್ದು ತಿರುಗಾ ಮುರುಗಾ.

ಏರಿನಲ್ಲಿ ಕಾಲು ದೂರು ಹೇಳಿತೇ ಹೊರತು ಕೆಲಸ ನಿಲ್ಲಿಸಲಿಲ್ಲ. ಸಣ್ಣ ಗೇರಿಗೆ ಹಾಕಿ, ಸೀಟು ಬಿಟ್ಟು ಏಳದೆ, ಹಗುರಕ್ಕೆ ಬೇಗ ಬೇಗ ತಿರುಗಿಸುತ್ತ ಹೋದೆ. ವೇಗ ಕಡಿಮೆಯೇ. ಹುಡುಗರು ಒಬ್ಬೊಬ್ಬರಾಗಿ ದಾಟಿ ಹೋದರು. ಎದೆಗೆ ಕಟ್ಟಿದ ಹಾರ್ಟ್‌ರೇಟ್ ಮಾನಿಟರು ಬೇರೆ ರೇಸುಗಳಲ್ಲಿ ನೂರ ಎಪ್ಪತ್ತು ದಾಟುವುದು, ಅವತ್ತು ನೂರ ಐವತ್ತೆಂಟರಲ್ಲೇ ನಿಂತಿತು. ಎದೆ ತಯಾರಿತ್ತು, ಕಾಲು ಒಪ್ಪಲಿಲ್ಲ. ಕಾಲೇ ಬೇಡ ಎಂದ ಮೇಲೆ ಹೃದಯ ಹೆಚ್ಚು ಹೊಡೆದುಕೊಂಡು ಮಾಡುವುದೇನು? ಆದರೂ ಒಂದು ಲಯ ಸಿಕ್ಕಿತ್ತು. ಕೋರೆಯ ಅಂಚು ತಲುಪಿದಾಗ ಹದಿನೈದನೆಯವನೋ ಹದಿನಾರನೆಯವನೋ ಆಗಿದ್ದೆ.

ಇಳಿಜಾರು ಶುರುವಾಯಿತು ನೋಡಿ. ಪೆಡಲಿನ ಮೇಲೆ ಎದ್ದು ನಿಂತೆ, ಮೊಣಕಾಲು ಅರ್ಧ ಮಡಿಸಿದೆ. ಇಪ್ಪತ್ತು ಸೆಕೆಂಡು ಆಗಿರಬಹುದು, ಎರಡೂ ತೊಡೆ ಗಡಗಡ ನಡುಗತೊಡಗಿದವು. ನನ್ನ ಸೈಕಲ್ಲಿಗೆ ಮುಂದೆ ಮಾತ್ರ ಸಸ್ಪೆನ್ಶನ್ ಇದೆ, ಹಾರ್ಡ್‌ಟೇಲ್ ಎನ್ನುತ್ತಾರೆ. ಅಂಥ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಸ್ಪ್ರಿಂಗು ಎಂದರೆ ಸವಾರನ ಕಾಲೇ. ಪ್ರತಿ ಕಲ್ಲಿಗೂ, ಪ್ರತಿ ಬೇರಿಗೂ ಮೊಣಕಾಲು ಮಡಿಯಬೇಕು, ಮಡಿಯುತ್ತಲೇ ಇಡೀ ಮೈಭಾರ ತಡೆಯಬೇಕು. ಅದನ್ನೇ ತಾನೆ ಎರಡು ದಿನ ಹೆಡಿಗೆ ಹೊತ್ತು ನಲವತ್ತು ಸಲ ಮಾಡಿದ್ದು? ಕಾಲಿನ ಖಾತೆಯಲ್ಲಿ ಆ ಒಂದು ಬಾಬತ್ತೇ ಖಾಲಿಯಾಗಿತ್ತು. ಸೀಟಿನ ಮೇಲೆ ಕೂತರೆ ಹಿಂದಿನ ಚಕ್ರ ನನ್ನನ್ನು ಚೆಂಡಿನ ಹಾಗೆ ಎಸೆಯುತ್ತದೆ. ನಿಂತರೆ ಕಾಲು ಕುಸಿಯುತ್ತದೆ. ಬ್ರೇಕು ಹಿಡಿದು ಹಿಡಿದು ಇಳಿದೆ. ಹಿಂದಿನಿಂದ "ಅಣ್ಣಾರ, ಬಲಕ್ಕ ಬರಾಕತ್ತೀನ್ರಿ!" ಎಂದು ಕೂಗು. ಬಾಗಲಕೋಟೆ ಹುಡುಗ, ಆಗಲೇ ನನಗಿಂತ ಒಂದು ಸುತ್ತು ಮುಂದೆ. ಅದು ನನ್ನ ಎರಡನೇ ಸುತ್ತು ಎಂದು ಹೇಳಿಬಿಡುತ್ತೇನೆ, ಅಷ್ಟರಲ್ಲೇ ಅವನ ವೇಗವನ್ನು ನೀವೇ ಅಂದಾಜು ಮಾಡಿಕೊಳ್ಳಿ.

ಮನೆಗೆ ಬಂದು ಓದಿದಾಗ ತಿಳಿದದ್ದು. ಮೆಟ್ಟಿಲು ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತ ಬಲ ಕೊಡುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತ ಬಲ ಕೊಡಬೇಕು, ಅಂದರೆ ಬ್ರೇಕಿನ ಕೆಲಸ ಮಾಡಬೇಕು. ಈ ಬ್ರೇಕಿನ ಕೆಲಸಕ್ಕೆ ಆಮ್ಲಜನಕ ಬಹಳ ಕಡಿಮೆ ಸಾಕು, ಅದಕ್ಕೇ ಏದುಸಿರು ಬರುವುದಿಲ್ಲ. ಆದರೆ ಸ್ನಾಯುವಿನ ಎಳೆಗಳಿಗೆ ಒಳಗೊಳಗೇ ಪೆಟ್ಟು ಬೀಳುತ್ತದೆ. ಅಮೆರಿಕದ ಥಿಯೊಡೊರ್ ಹಫ್ ಎಂಬ ಶರೀರಶಾಸ್ತ್ರಜ್ಞ 1902ರಲ್ಲೇ ಇದನ್ನು ಬರೆದಿದ್ದಾನೆ: ಕೆಲಸದ ಹೊತ್ತಿಗೆ ಬರುವ ದಣಿವು ಬೇರೆ, ಮರುದಿನ ಬರುವ ನೋವು ಬೇರೆ, ಎರಡನೆಯದಕ್ಕೆ ಕಾರಣ ಸ್ನಾಯುವಿನೊಳಗಿನ ಸಣ್ಣ ಹರಿತಗಳು ಎಂದು. ನಮ್ಮ ಜಿಮ್ಮಿನ ಮಾಸ್ಟರುಗಳು ಇವತ್ತಿಗೂ ಮರುದಿನದ ನೋವಿಗೆ ಲ್ಯಾಕ್ಟಿಕ್ ಆಸಿಡ್ ಎನ್ನುತ್ತಾರೆ. ಅದು ಕೆಲಸ ನಿಲ್ಲಿಸಿದ ಒಂದೆರಡು ತಾಸಿನಲ್ಲೇ ರಕ್ತದಿಂದ ಹೋಗಿಬಿಡುತ್ತದೆ. ಈ ನೋವು ಒಂದರಿಂದ ಮೂರನೇ ದಿನದ ನಡುವೆ ಜೋರಾಗುವಂಥದ್ದು. ಅಷ್ಟೇ ಅಲ್ಲ, ಪೆಟ್ಟು ತಿಂದ ಸ್ನಾಯು ತನ್ನ ಸಕ್ಕರೆಯ ದಾಸ್ತಾನನ್ನು ತುಂಬಿಕೊಳ್ಳುವುದೂ ನಿಧಾನ. ಅಪ್ಪನ ಬೆಲ್ಲ ಎಲ್ಲಿಗೆ ಹೋಯಿತು ಎಂಬುದು ಹೀಗೆ ಗೊತ್ತಾಯಿತು!

ಇನ್ನೂ ಒಂದು ತಮಾಷೆ. ಪೆಡಲ್ ತುಳಿಯುವುದರಲ್ಲಿ ಈ ಹಿಗ್ಗುವ ಕೆಲಸ ಇಲ್ಲವೇ ಇಲ್ಲ ಎನ್ನಬಹುದು. ಬರೀ ಕುಗ್ಗುವುದು. ವರ್ಷಕ್ಕೆ ಸಾವಿರಗಟ್ಟಲೆ ಕಿಲೋಮೀಟರ್ ತುಳಿದವನ ಕಾಲೂ ಮೆಟ್ಟಿಲು ಇಳಿಯುವ ವಿದ್ಯೆಯಲ್ಲಿ ಒಂದನೇ ಕ್ಲಾಸು. ನನ್ನ ಜೊತೆ ದೋಟಿ ಹಿಡಿದಿದ್ದವರು ಐವತ್ತೈದು ದಾಟಿದವರು, ದಿನಾ ಇಂಥ ಗುಡ್ಡೆ ತೋಟಗಳಲ್ಲೇ ಕೆಲಸ. ಅವರು ಸೋಮವಾರ ಇನ್ನೊಂದು ಮನೆಯ ಕೊಯ್ಲಿಗೆ ಹೋಗಿದ್ದರು.

ಇದನ್ನು ಓದುವಾಗ ನನಗೆ ಅಶ್ವತ್ಥಪುರದ ಶ್ರೀನಿವಾಸ ಗೌಡರ ನೆನಪಾಯಿತು. ಮೂಡುಬಿದಿರೆ ಹತ್ತಿರದವರು, ಕಂಬಳದ ಓಟಗಾರ. 2020ರ ಫೆಬ್ರುವರಿ 1ರಂದು ಐಕಳ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಲೆಕ್ಕ ಹಾಕಿ ನೂರು ಮೀಟರಿಗೆ 9.55 ಎಂದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ಮಾಡಿದ ವಿಶ್ವದಾಖಲೆ 9.58. ಆಮೇಲಿನ ಗಲಾಟೆ ನಿಮಗೆಲ್ಲ ಗೊತ್ತೇ ಇದೆ. ಕೇಂದ್ರ ಕ್ರೀಡಾ ಸಚಿವರೇ ಟ್ರಯಲ್ಸಿಗೆ ಕರೆಸುತ್ತೇವೆ ಎಂದರು. ಅದೇ ತಿಂಗಳು ವೇಣೂರಿನ ಕರೆಯಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿದರು. ಶ್ರೀನಿವಾಸ ಗೌಡರು ಟ್ರಯಲ್ಸ್ ಬೇಡವೆಂದರು. ಕಾಲಿಗೆ ಪೆಟ್ಟಾಗಿದೆ, ಈ ಸಲದ ಕಂಬಳಗಳು ಇನ್ನೂ ಬಾಕಿ ಇವೆ, ಕೆಸರಿನ ಓಟವೇ ಬೇರೆ ಟ್ರ್ಯಾಕಿನ ಓಟವೇ ಬೇರೆ ಎಂಬುದು ಅವರ ಮಾತಿನ ಸಾರ. ಕೋಣಗಳ ಜೊತೆ ಓಡಿದ ವೇಗವನ್ನು ಟ್ರ್ಯಾಕಿನ ವೇಗದೊಂದಿಗೆ ತಾಳೆ ಹಾಕುವುದೇ ಸರಿಯಲ್ಲ ಎನ್ನುವುದು ಒಂದು ಕಡೆ ಇರಲಿ. ಆಗ ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು "ಎಂಥ ಅವಕಾಶ ಬಿಟ್ಟ, ಹೆದರಿದ" ಎಂದಿದ್ದರು. ಕಂಬಳದ ಓಟಗಾರ ಒಂದು ರಾತ್ರಿ ಒಂದೇ ಸಲ ಓಡಿ ಮನೆಗೆ ಹೋಗುವುದಿಲ್ಲ ಮಾರಾಯ್ರೆ. ಸುತ್ತಿನ ಮೇಲೆ ಸುತ್ತು, ಬೇರೆ ಬೇರೆ ವಿಭಾಗ, ಬೆಳಗಿನ ಜಾವದವರೆಗೆ. ವಾರ ಬಿಟ್ಟು ಮತ್ತೆ ಇನ್ನೊಂದು ಕರೆ. ಅಂಥ ಕಾಲನ್ನು ಇದ್ದಕ್ಕಿದ್ದಂತೆ ಸ್ಪೈಕ್ಸ್ ಹಾಕಿ ಟ್ರ್ಯಾಕಿಗೆ ಇಳಿಸು ಎಂದರೆ ಕಾಲಿನ ಯಜಮಾನ ಬೇಡ ಎನ್ನುವುದು ಹೆದರಿಕೆಯಲ್ಲ, ಲೆಕ್ಕ ಗೊತ್ತಿರುವುದು. ಕಾಲಿಗೆ ಸುಸ್ತಾದರೆ ಎಲ್ಲ ಕೆಲಸಕ್ಕೂ ಒಂದೇ ಸಮ ಸುಸ್ತು ಎಂದು ತಿಳಿಯುವವರು ಕುರ್ಚಿಯಲ್ಲಿ ಕೂತವರು ಮಾತ್ರ.

ಹಾಗೆಂದು ದಣಿದ ಮೇಲೆ ಏನೂ ಆಗುವುದಿಲ್ಲ ಎಂದೂ ಅಲ್ಲ. ನಮ್ಮದೇ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರಿದ್ದಾರಲ್ಲ, 2022ರಲ್ಲಿ ಪದ್ಮಶ್ರೀ ಬಂದವರು. ಹಗಲು ಬೇರೆಯವರ ತೋಟದಲ್ಲಿ ಕೂಲಿ ಮುಗಿಸಿ, ಆಮೇಲೆ ತಮ್ಮ ಬೋಳು ಗುಡ್ಡೆಯಲ್ಲಿ ನೀರಿಗಾಗಿ ಒಬ್ಬರೇ ಸುರಂಗ ಕೊರೆದವರು. ಐದು ಸುರಂಗದಲ್ಲಿ ನೀರು ಸಿಗದೆ ಆರನೆಯದರಲ್ಲಿ ಸಿಕ್ಕಿತು. ಅವರ ದಿನದ ನಿಜವಾದ ಕೆಲಸ ಶುರುವಾಗುತ್ತಿದ್ದುದೇ ಮೈ ಸೋತ ಮೇಲೆ. ಅದರ ಮುಂದೆ ನನ್ನ ನಾಲ್ಕು ಸುತ್ತು ಯಾವ ಲೆಕ್ಕ ಹೇಳಿ. ಮೂರನೇ ಸುತ್ತಿನ ಏರಿನಲ್ಲಿ ಅವರನ್ನು ನೆನೆದುಕೊಂಡೇ ತುಳಿದದ್ದು ಹೌದು.

ಮೂರನೇ ಸುತ್ತಿನಿಂದ ನಾನು ರೇಸಿನ ರೀತಿಯನ್ನೇ ಬದಲಾಯಿಸಿದೆ. ಇಳಿಜಾರಿನಲ್ಲಿ ನಿಲ್ಲುವ ಹೊತ್ತು ಕಡಿಮೆಯಾಗಬೇಕು, ಅದಕ್ಕಿರುವ ದಾರಿ ಎಂದರೆ ಕಲ್ಲಿಲ್ಲದ ಕಡೆ ಚಕ್ರ ಹಾಕುವುದು. ನೇರ ದಾರಿ ಬಿಟ್ಟು ಗೇರುಮರಗಳ ಬುಡ ಬಳಸಿ, ದನಗಳು ಮಾಡಿದ ಕಾಲುದಾರಿ ಹಿಡಿದೆ. ದೂರ ಸ್ವಲ್ಪ ಹೆಚ್ಚು, ಆದರೆ ನುಣುಪು. ದನಗಳಿಗೆ ಗುಡ್ಡೆ ಇಳಿಯುವ ವಿದ್ಯೆ ನಮಗಿಂತ ಚೆನ್ನಾಗಿ ಗೊತ್ತು, ಎಲ್ಲಿಯೂ ನೆಟ್ಟಗೆ ಇಳಿಯುವುದಿಲ್ಲ, ಓರೆಯಾಗಿಯೇ ಇಳಿಯುತ್ತವೆ. ಕೋರೆಯ ಕೆಳಗಿನ ಎರಡಡಿ ಕಲ್ಲಿನ ಜಿಗಿತದಲ್ಲಿ ಸೈಕಲ್ಲಿನಿಂದ ಇಳಿದು, ಕೈಯಲ್ಲಿ ಹಿಡಿದು ಒಂದೊಂದೇ ಹೆಜ್ಜೆ ಇಟ್ಟೆ. ಅಲ್ಲಿ ಕೂತು ನೋಡುತ್ತಿದ್ದ ಮಕ್ಕಳು "ಪೋಲೆ ಅಣ್ಣಾ, ಪೋಲೆ!" ಎಂದು ಬೊಬ್ಬೆ ಹೊಡೆದರು. ಹೋಗಿ ಅಣ್ಣ ಹೋಗಿ ಎಂದು. ಹೋಗುವ ಮನಸ್ಸು ನನಗೂ ಇತ್ತು!

ಈ ಆಟ ಹುಟ್ಟಿದ್ದೇ ಇಳಿಜಾರಿನಲ್ಲಿ ಎಂಬುದು ಆಗ ನೆನಪಾಗಿ ನಗು ಬಂತು. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರ ಅಕ್ಟೋಬರಿನಲ್ಲಿ ಒಂದಷ್ಟು ಜನ ಹಳೆಯ ದಪ್ಪ ಟಯರಿನ ಸೈಕಲ್ಲುಗಳನ್ನು ಗುಡ್ಡದ ಮೇಲೆ ಒಯ್ದು ಇಳಿಸುವ ರೇಸು ಶುರು ಮಾಡಿದರು. ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಅವಕ್ಕೆ. ಒಂದು ಸಲ ಇಳಿಯುವಷ್ಟರಲ್ಲಿ ಹಬ್ಬು ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ಹೊಸ ಗ್ರೀಸು ತುಂಬಬೇಕು. ಅದಕ್ಕೆ ರೇಸಿನ ಹೆಸರೇ ರೀಪ್ಯಾಕ್ ಎಂದಾಯಿತು. ಅಲ್ಲಿಂದ ಇಪ್ಪತ್ತು ವರ್ಷದಲ್ಲಿ, 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಮೌಂಟನ್ ಬೈಕು ಬಂತು. ನನ್ನ ತೊಡೆಯ ಗ್ರೀಸು ಎರಡನೇ ಸುತ್ತಿನಲ್ಲೇ ಹೊಗೆಯಾಗಿತ್ತು, ತುಂಬಲು ಡಬ್ಬಿ ಇರಲಿಲ್ಲ.

ನಾಲ್ಕನೇ ಸುತ್ತಿನ ಇಳಿಜಾರಿನ ಅರ್ಧದಲ್ಲಿ ಅಪ್ಪನ ಮಾತು ನೆನಪಾಯಿತು. ಮೂರು ವರ್ಷದ ಹಿಂದೆ ಗುಡ್ಡೆ ತೋಟಕ್ಕೆ ಹೋಗುವುದು ನಿಲ್ಲಿಸಿದಾಗ, "ಹತ್ತುವುದಕ್ಕೆ ಏನಿಲ್ಲ, ಇಳಿಯುವುದೇ ರಗಳೆ" ಎಂದಿದ್ದರು. ಮನೆಯಲ್ಲಿ ಎಲ್ಲರೂ ನಕ್ಕಿದ್ದೆವು. ಎಲ್ಲರಿಗೂ ಹತ್ತುವುದು ಕಷ್ಟವಾದರೆ ಇವರಿಗೆ ಇಳಿಯುವುದು ಕಷ್ಟವಂತೆ, ತೋಟ ನೋಡಲು ಬೇಸರ ಬಂದಿರಬೇಕು, ಬಾಯಿಬಿಟ್ಟು ಹೇಳಲು ಮನಸ್ಸಿಲ್ಲ ಎಂದು ಅಮ್ಮ ಹೇಳಿದ್ದರು. ಆ ಗುಡ್ಡೆಯನ್ನು ಅವರು ಕಡಿದು ತಟ್ಟು ಮಾಡಿದ್ದು, ಆ ಅರವತ್ತೆರಡು ಮೆಟ್ಟಿಲು ಅವರದ್ದೇ ಲೆಕ್ಕ. ಮೂವತ್ತು ವರ್ಷ ಪ್ರತಿ ಕೊಯ್ಲಿಗೂ ಹೊತ್ತು ಇಳಿದದ್ದು ಅವರೇ. ಮೊಣಕಾಲು ಮಡಿಯುತ್ತ ಭಾರ ತಡೆಯಬೇಕಾದ ಆ ಒಂದು ಕ್ಷಣ ಕಾಲು ಇಲ್ಲವೆಂದರೆ ಹೇಗಿರುತ್ತದೆ, ಕೆಳಗಿನ ಮೆಟ್ಟಿಲು ಎಷ್ಟು ದೂರ ಕಾಣುತ್ತದೆ, ಅವತ್ತು ಗೇರುಮರಗಳ ನಡುವೆ ನಡುಗುವ ಕಾಲಿನ ಮೇಲೆ ನಿಂತಾಗ ಗೊತ್ತಾಯಿತು. ನನಗೆ ನಾಲ್ಕು ದಿನದಲ್ಲಿ ಸರಿಹೋಗುವಂಥದ್ದು. ಅವರಿಗೆ ಹಾಗಲ್ಲ.

ಮುಗಿಸಿದ್ದು ಹದಿನೇಳನೆಯವನಾಗಿ. ಪೂರ್ತಿ ಸುತ್ತು ಮುಗಿಸಿದವರು ಇಪ್ಪತ್ತಾರು ಜನ. ಕಳೆದ ವರ್ಷಕ್ಕಿಂತ ಹನ್ನೆರಡು ನಿಮಿಷ ಹೆಚ್ಚು. ಬಾಗಲಕೋಟೆ ಹುಡುಗ ಬಹುಮಾನ ತೆಗೆದುಕೊಂಡು ಗೋಳಿಬಜೆ ತಿನ್ನುತ್ತ ಬಂದು, "ಅಣ್ಣಾರ, ಏರಿನ್ಯಾಗ ಚಲೋ ಬಂದ್ರಿ, ಇಳಕಲದಾಗ ಯಾಕ್ರಿ ಅಷ್ಟ್ ಬ್ರೇಕ್?" ಎಂದು ಕೇಳಿದ. ಅಡಿಕೆ ಹೊತ್ತ ಕಥೆ ಹೇಳಿದೆ. "ನಮ್ಮ ಕಡೆ ಕಬ್ಬಿನ ಸೀಜನ್ನಿನಾಗ ಹಿಂಗ ಆಕ್ಕೈತ್ರಿ, ಆದ್ರ ಸೊಂಟ" ಎಂದು ನಕ್ಕ. ಇಬ್ಬರೂ ಒಂದೊಂದು ಬೊಂಡ ಕುಡಿದು ಹೊರಟೆವು.

ಮನೆಯಲ್ಲಿ ಅಪ್ಪ ಅಡಿಕೆ ಪೂರ್ತಿ ಹರಗಿ, ಮೇಲಿನಿಂದ ಒಂದು ಸಲ ಕಾಲಾಡಿಸಿಯೂ ಆಗಿತ್ತು. ಎಷ್ಟನೆಯದು ಎಂದು ಕೇಳಿದರು, ಹೇಳಿದೆ. "ಮುಗಿಸಿದೆಯಲ್ಲ" ಎಂದು ಒಳಗೆ ಹೋದರು. ಮೂರು ದಿನ ಬೆಳಗ್ಗೆ ಜಗಲಿಯಿಂದ ಅಂಗಳಕ್ಕೆ ಇಳಿಯುವಾಗ ನಾನು ಕಂಬ ಹಿಡಿದುಕೊಂಡೆ. ನಾಲ್ಕನೇ ದಿನ ಬೇಕಾಗಲಿಲ್ಲ. ಆ ವಾರ ಮೆಟ್ಟಿಲಿನ ಒಂದು ಬದಿಗೆ ಜಿಐ ಪೈಪಿನ ಕೈಹಿಡಿ ಹಾಕಿಸಲು ಬಿ.ಸಿ. ರೋಡಿನಿಂದ ಪೈಪು ತರಿಸಿದೆ. ವೆಲ್ಡರನಿಗೂ ಹೇಳಿ ಆಯಿತು. ಅವನೂ ಕೊಯ್ಲಿನವರ ಹಾಗೇ, ಸಿಗುವ ದಿನ ಸಿಗುತ್ತಾನೆ. ಕೊನೆಗೂ ಒಂದು ಸೋಮವಾರ ಬಂದು ಅರವತ್ತೆರಡರಲ್ಲಿ ನಲವತ್ತು ಮೆಟ್ಟಿಲಿನವರೆಗೆ ಮುಗಿಸಿ ಪೈಪು ಸಾಲದೆಂದು ಹೋದ.

ಎರಡನೇ ಕೊಯ್ಲು ಆರು ವಾರ ಬಿಟ್ಟು ಆಯಿತು. ಈ ಸಲ ಹೊರಲು ಒಬ್ಬರು ಸಿಕ್ಕಿದ್ದರು, ಆದರೂ ನಾನು ಇಪ್ಪತ್ತೈದು ಸಲ ಇಳಿದೆ. ಮರುದಿನ ಬರೀ ಸಣ್ಣ ಬಿಗಿತ, ಅಷ್ಟೆ. ಒಮ್ಮೆ ಪೆಟ್ಟು ತಿಂದು ಸುಧಾರಿಸಿಕೊಂಡ ಸ್ನಾಯು ಅದೇ ಕೆಲಸಕ್ಕೆ ಕೆಲವು ವಾರದ ಮಟ್ಟಿಗೆ ಗಟ್ಟಿಯಾಗಿರುತ್ತದಂತೆ, ಅದಕ್ಕೂ ಶಾಸ್ತ್ರವಿದೆ. ಸಂಜೆ ನಾಲ್ಕರ ಹೊತ್ತಿಗೆ ಕೊನೆಯ ಹೆಡಿಗೆ ತರಲು ಹೋದಾಗ ಮೇಲೆ ತೋಟದಲ್ಲಿ ಅಪ್ಪ ನಿಂತಿದ್ದರು, ಒಂದೊಂದೇ ಮರದ ತಲೆ ನೋಡುತ್ತ. "ಈ ಸಾಲಿಗೆ ನೀರು ಸಾಲುವುದಿಲ್ಲ, ನೋಡು" ಎಂದರು. ಇಳಿಯುವಾಗ ಕೈಹಿಡಿ ಇಲ್ಲದ ಮೇಲಿನ ಇಪ್ಪತ್ತೆರಡು ಮೆಟ್ಟಿಲಿಗೆ ನನ್ನ ಹೆಗಲು ಹಿಡಿದುಕೊಂಡರು. ಹೆಡಿಗೆಯನ್ನು ಆಮೇಲೆ ಹೋಗಿ ತಂದೆ.